ದುಬಾರಿ ಇದ್ದಿಲು ಬ್ರಿಕೆಟ್‌ಗೆ ಕೊಟ್ಟ ದುಡ್ಡು ದಕ್ಕುತ್ತಾ?

ಪ್ರಶ್ನೆ: ಹೋದ ವರ್ಷ ಮುಚ್ಚಳ ಇರುವ ದುಂಡನೆಯ ಗ್ರಿಲ್ ಒಂದನ್ನು ತಗೊಂಡೆವು. ತಿಂಗಳಿಗೆ ಮೂರು ನಾಲ್ಕು ಭಾನುವಾರ ತಾರಸಿ ಮೇಲೆ ಚಿಕನ್, ಪನೀರ್, ಮುಸುಕಿನ ಜೋಳ ಸುಡುತ್ತೇವೆ. ಮನೆಯಲ್ಲಿ ಆರು ಜನ, ಒಂದು ಸಲಕ್ಕೆ ಸುಮಾರು ಒಂದೂವರೆ ಕೆಜಿ ಇದ್ದಿಲು ಬೇಕಾಗುತ್ತದೆ. ವರ್ಷಕ್ಕೆ ಒಂದೆರಡು ಸಲ ಕುರಿಯ ಇಡೀ ತೊಡೆಯನ್ನು ನಿಧಾನವಾಗಿ ಬೇಯಿಸುವ ಆಸೆಯೂ ಇದೆ. ನಮ್ಮ ಹತ್ತಿರದ ಸೌದೆ ಡಿಪೋದಲ್ಲಿ ಇದ್ದಿಲು ಕೆಜಿಗೆ 70 ರೂಪಾಯಿ. ಆನ್‌ಲೈನ್‌ನಲ್ಲಿ ಸಾಧಾರಣ ಬ್ರಿಕೆಟ್ (ಇದ್ದಿಲಿನ ಪುಡಿಯನ್ನು ಅಚ್ಚೊತ್ತಿ ಮಾಡಿದ ತುಂಡು) 90. ‘ಪ್ರೀಮಿಯಂ’ ಅಂತ ಬರೆದಿರುವ ತೆಂಗಿನ ಚಿಪ್ಪಿನ ಬ್ರಿಕೆಟ್ 190. ಇಷ್ಟೊಂದು ವ್ಯತ್ಯಾಸಕ್ಕೆ ಅರ್ಥ ಇದೆಯಾ ಸರ್, ಅಥವಾ ಸುಮ್ನೆ ಡಬ್ಬದ ಮೇಲಿನ ಬಣ್ಣಕ್ಕೆ ದುಡ್ಡಾ? ಹತ್ತು ಕೆಜಿ ಒಟ್ಟಿಗೆ ತಗೊಂಡರೆ ರಿಯಾಯಿತಿ ಕೊಡುತ್ತಾರಂತೆ. ತಗೊಳ್ಳಲಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಭಾನುವಾರದ ಚಿಕನ್, ಪನೀರ್, ಜೋಳಕ್ಕೆ 190 ರೂಪಾಯಿಯ ಬ್ರಿಕೆಟ್ ಬೇಡ. ಡಿಪೋ ಇದ್ದಿಲೇ ಸಾಕು, ಆದರೆ ಪುಡಿ ಜರಡಿ ಹಿಡಿಸಿ ತನ್ನಿ. ಕುರಿ ತೊಡೆ ಬೇಯಿಸುವ ದಿನ ಮಾತ್ರ ಒಳ್ಳೆಯ ಬ್ರಿಕೆಟ್ ಎರಡು ಮೂರು ಕೆಜಿ ತನ್ನಿ. 90 ರೂಪಾಯಿಯದ್ದನ್ನು ಪರೀಕ್ಷೆ ಮಾಡದೆ ತರಲೇಬೇಡಿ. ಮೂರರಲ್ಲಿ ನನಗೆ ಜಾಸ್ತಿ ಭಯ ಇರುವುದು ಅದರ ಬಗ್ಗೆ.

ನಾನು ಹದಿನೆಂಟು ವರ್ಷ ಹೋಟೆಲ್‌ಗಳ ತಂದೂರ್ ಮುಂದೆ ನಿಂತವನು. ಇದ್ದಿಲು ಕೊಳ್ಳುವ ಕೆಲಸವೂ ನನ್ನ ತಲೆಗೇ ಇತ್ತು. ಗೋಣಿಚೀಲದಲ್ಲಿ ಬರುವ ಇದ್ದಿಲಿಗೆ ತೂಕ ಬರಲಿ ಅಂತ ನೀರು ಚಿಮುಕಿಸಿರುವುದು, ಚೀಲದ ಬಾಯಿಗೆ ಒಳ್ಳೆಯ ತುಂಡು ಜೋಡಿಸಿ ತಳದಲ್ಲಿ ಬರೀ ಪುಡಿ ತುಂಬಿರುವುದು, ಎಲ್ಲವನ್ನೂ ಕಂಡಿದ್ದೇನೆ. ಹೀಗಾಗಿ ಮುದ್ದಾದ ಡಬ್ಬದಲ್ಲಿ ಬಂದದ್ದಕ್ಕೂ ನನ್ನ ಮೊದಲ ಪ್ರಶ್ನೆ ಅದೇ: ಇದರಲ್ಲಿ ಉರಿಯುವುದೆಷ್ಟು, ಉಳಿಯುವುದೆಷ್ಟು?

ಬ್ರಿಕೆಟ್ ಅಂದರೆ ಏನು ಅನ್ನುವುದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಇದ್ದಿಲಿನ ಪುಡಿಯನ್ನು ಗಂಜಿ ಹಾಕಿ ಕಲಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿದರೆ ಅದು ಬ್ರಿಕೆಟ್. ನಮ್ಮಲ್ಲಿ ಉಂಡೆ ಕಟ್ಟುತ್ತಾರಲ್ಲ, ಅದೇ ಲೆಕ್ಕ. ಪುಡಿ ಒಳ್ಳೆಯದಿದ್ದರೆ ಉಂಡೆ ಒಳ್ಳೆಯದು. ಅಂಟಿಗೆ ಮರಗೆಣಸಿನ ಹಿಟ್ಟೋ ಮುಸುಕಿನ ಜೋಳದ ಹಿಟ್ಟೋ ಹಾಕುತ್ತಾರೆ. ನೂರಕ್ಕೆ ಐದು ಹತ್ತು ಪಾಲು ಗಂಜಿ ಇರುವುದು ಮಾಮೂಲು, ಅದರಿಂದ ತೊಂದರೆ ಇಲ್ಲ. ತೊಂದರೆ ಇರುವುದು ಪುಡಿಯ ಜೊತೆ ಇನ್ನೇನು ಸೇರಿಸಿದ್ದಾರೆ ಅನ್ನುವುದರಲ್ಲಿ. ಇಡೀ ತುಂಡಿನ ಇದ್ದಿಲಿಗೆ ಮಣ್ಣು ಬೆರೆಸುವುದು ಕಷ್ಟ. ಬೆರೆಸಿದರೆ ಕಣ್ಣಿಗೆ ಕಾಣುತ್ತದೆ. ಪುಡಿಗೆ ಬೆರೆಸಿ ಅಚ್ಚೊತ್ತಿದರೆ ಯಾರಿಗೂ ಕಾಣುವುದಿಲ್ಲ.

ಬ್ರಿಕೆಟ್ ದೊಡ್ಡ ವ್ಯಾಪಾರವಾದದ್ದೇ ಮಿಕ್ಕಿದ್ದನ್ನು ಮಾರಲು ಹೋಗಿ. ಅಮೆರಿಕದಲ್ಲಿ 1920ರ ದಶಕದ ಆರಂಭದಲ್ಲಿ ಹೆನ್ರಿ ಫೋರ್ಡ್ ತನ್ನ ಕಾರುಗಳಿಗೆ ಬೇಕಾದ ಮರಕ್ಕಾಗಿ ಮಿಷಿಗನ್‌ನ ಐರನ್ ಮೌಂಟನ್ ಕಡೆ ಕಾಡು ಕೊಂಡು ಮರ ಕೊಯ್ಯುವ ಕಾರ್ಖಾನೆ ಹಾಕಿದ. ಆಗ ಮಾಡೆಲ್ ಟಿ ಕಾರಿನ ಎಷ್ಟೋ ಭಾಗ ಮರದ್ದೇ. ಬುಡ, ಚೂರು, ಹೊಟ್ಟು ರಾಶಿ ಬಿದ್ದಾಗ ಅದನ್ನು ಸುಟ್ಟು ಇದ್ದಿಲು ಮಾಡಿ, ಪಿಷ್ಟ ಹಾಕಿ ಅಚ್ಚೊತ್ತಿ, ಕಾರು ಮಾರುವ ಅಂಗಡಿಗಳಲ್ಲೇ ಮಾರಿಸಿದ. ಕಾಡು ಕೊಡಿಸಲು ಓಡಾಡಿದ ನೆಂಟ ಎಡ್ವರ್ಡ್ ಕಿಂಗ್ಸ್‌ಫೋರ್ಡ್ ಹೆಸರೇ ಮುಂದೆ ಆ ಬ್ರ್ಯಾಂಡ್‌ಗೆ ಬಂತು. ಮಿಕ್ಕಿದ್ದರಲ್ಲಿ ಮಾಡಿದ್ದು ಅಂದಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ‘ಬ್ರಿಕೆಟ್’ ಅನ್ನುವ ಹೆಸರಿಗೇ ಜಾಸ್ತಿ ಬೆಲೆ ಕೊಡಬೇಕಾಗಿಲ್ಲ ಅಂತಷ್ಟೇ.

ಹಾಗಾದರೆ ತೆಂಗಿನ ಚಿಪ್ಪಿನದ್ದಕ್ಕೆ ಯಾಕೆ ಅಷ್ಟು ಬೆಲೆ? ಒಂದು ಕಾರಣ ನ್ಯಾಯವಾದದ್ದು. ಒಂದು ಕೆಜಿ ಇದ್ದಿಲಿಗೆ ಮೂರು ನಾಲ್ಕು ಕೆಜಿ ಒಣ ಚಿಪ್ಪು ಸುಡಬೇಕು. ಆಮೇಲೆ ಆ ಚಿಪ್ಪಿನ ಇದ್ದಿಲು ಬೇಕಾಗಿರುವುದು ನಮ್ಮ ನಿಮ್ಮಂಥ ಸುಡುವವರಿಗೆ ಮಾತ್ರ ಅಲ್ಲ. ನಿಮ್ಮ ಮನೆಯ ನೀರಿನ ಫಿಲ್ಟರ್ ಒಳಗೆ ಕರಿ ಕಾಳಿನಂಥದ್ದು ಇರುತ್ತದಲ್ಲ, ಆಕ್ಟಿವೇಟೆಡ್ ಕಾರ್ಬನ್, ಅದಕ್ಕೆ ಬಹಳ ಮೆಚ್ಚಿನ ಕಚ್ಚಾ ಮಾಲು ತೆಂಗಿನ ಚಿಪ್ಪಿನ ಇದ್ದಿಲೇ. ತಿಪಟೂರಿನ ಕಡೆ ಕೊಬ್ಬರಿ ಸುಲಿದ ಮೇಲೆ ಉಳಿಯುವ ಚಿಪ್ಪಿಗೂ ಗಿರಾಕಿಗಳು ಕಾದಿರುತ್ತಾರೆ. ಒಲೆಗೆ ಹಾಕುತ್ತಿದ್ದ ವಸ್ತುವಿಗೆ ಕಾರ್ಖಾನೆ ಪೈಪೋಟಿಗೆ ಬಂದರೆ ಬೆಲೆ ಏರದೆ ಇರುತ್ತದೆಯೇ? ಇನ್ನೊಂದು ಕಾರಣ ಡಬ್ಬ, ಸಾಗಣೆ, ಜಾಹೀರಾತು. ಅದರ ಬಗ್ಗೆ ನಾನು ಹೇಳುವುದೇನಿದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನೀವೇ ಕೊಟ್ಟ ಬೆಲೆ ಹಿಡಿದುಕೊಳ್ಳುತ್ತೇನೆ.

ಡಿಪೋದಿಂದ ಐದು ಕೆಜಿ ತಂದಿರಿ, 350 ರೂಪಾಯಿ. ಅದರಲ್ಲಿ ಒಂದು ಕೆಜಿ ಪುಡಿ ಮತ್ತು ಹುಣಸೆಬೀಜದಷ್ಟು ಚೂರು ಅಂತ ಇಟ್ಟುಕೊಳ್ಳಿ. ಕೆಟ್ಟ ಚೀಲದಲ್ಲಿ ಅಷ್ಟಿರುತ್ತದೆ. ಉಳಿದ ನಾಲ್ಕು ಕೆಜಿಗೆ ಭಾಗಿಸಿದರೆ ಕೆಜಿಗೆ 87 ರೂಪಾಯಿ 50 ಪೈಸೆ. ಬೂದಿಯ ಪಾಲು ನೂರಕ್ಕೆ ನಾಲ್ಕು ಕಳೆದರೆ, ನಿಜವಾಗಿ ಉರಿಯುವ ಒಂದು ಕೆಜಿ ಸರಕಿಗೆ 91 ರೂಪಾಯಿ ಬಿತ್ತು.

90 ರೂಪಾಯಿಯ ಬ್ರಿಕೆಟ್‌ನಲ್ಲಿ ಪುಡಿ ಕಮ್ಮಿ. ಆದರೆ ಬೂದಿ ನೂರಕ್ಕೆ 25 ಇದ್ದರೆ? ಇರಬಹುದು, ನಾನು ತೂಗಿ ನೋಡಿದ್ದೇನೆ. 90ನ್ನು ಮುಕ್ಕಾಲರಿಂದ ಭಾಗಿಸಿ. 120 ರೂಪಾಯಿ.

190ರ ಚಿಪ್ಪಿನ ಬ್ರಿಕೆಟ್, ಬೂದಿ ನೂರಕ್ಕೆ ಐದು. 200 ರೂಪಾಯಿ.

ಅಂದರೆ ಬರೀ ಬಿಸಿಯ ಲೆಕ್ಕದಲ್ಲಿ ದುಬಾರಿ ಬ್ರಿಕೆಟ್ ಗೆಲ್ಲುವುದೇ ಇಲ್ಲ. ಇಂಗಾಲ ಎಲ್ಲಿದ್ದರೂ ಇಂಗಾಲವೇ. ಒಂದು ಕೆಜಿ ಒಳ್ಳೆಯ ಇದ್ದಿಲು ಸುಮಾರು 7,000 ಕಿಲೋ ಕ್ಯಾಲರಿ ಕೊಡುತ್ತದೆ. ಚಿಪ್ಪಿನದ್ದು ಇದಕ್ಕಿಂತ ಒಂಚೂರು ಮೇಲಿರಬಹುದು, ಎರಡರಷ್ಟಂತೂ ಖಂಡಿತ ಇಲ್ಲ. ಬೆಲೆ ಮಾತ್ರ ಎರಡರಷ್ಟಕ್ಕೂ ಮೇಲೆ. ಡಿಪೋ ಇದ್ದಿಲಿಗೆ ಕಾವು ಸಾಲದು ಅಂತ ಯಾರಾದರೂ ಹೇಳಿದರೆ ಭದ್ರಾವತಿ ಹೆಸರು ಹೇಳಿ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಕರಗಿಸಿದ್ದು ಮರದ ಇದ್ದಿಲಿನಲ್ಲೇ. ನಿಮ್ಮ ಕೋಳಿ ತೊಡೆ ಕಬ್ಬಿಣದ ಅದಿರಿಗಿಂತ ಗಟ್ಟಿ ಇರಲಾರದು, ಅಲ್ವಾ?

ಹಾಗಾದರೆ ಆ ಹೆಚ್ಚಿನ ದುಡ್ಡಿಗೆ ಏನು ಬರುತ್ತದೆ? ಪುರುಸೊತ್ತು ಬರುತ್ತದೆ. ಒಂದೇ ಅಳತೆಯ ತುಂಡು, ಒಂದೇ ತೂಕ, ಒತ್ತಿ ಗಟ್ಟಿ ಮಾಡಿದ ಮೈ. ಹಾಗಾಗಿ ನಿಧಾನವಾಗಿ, ಒಂದೇ ಸಮನಾಗಿ ಉರಿಯುತ್ತದೆ. ಬೂದಿ ಕಮ್ಮಿ ಇರುವುದರಿಂದ ಕೆಳಗಿನ ಗಾಳಿಕಿಂಡಿ ಕಟ್ಟಿಕೊಳ್ಳುವುದಿಲ್ಲ. ಮುಚ್ಚಳ ಹಾಕಿ ಕೆಳಗೆ ಹೋಗಿ, ಒಂದು ಗಂಟೆ ಬಿಟ್ಟು ಬಂದು ನೋಡಬಹುದು. ಡಿಪೋ ಇದ್ದಿಲಿನಲ್ಲಿ ಅದು ಆಗುವುದಿಲ್ಲ. ಒಂದು ತುಂಡು ಮುಷ್ಟಿಯಷ್ಟು, ಇನ್ನೊಂದು ಬೆರಳಿನಷ್ಟು. ಸಣ್ಣದು ಭಗ್ ಅಂತ ಹತ್ತಿಕೊಂಡು ಮುಗಿದು ಹೋಗುತ್ತದೆ, ದೊಡ್ಡದಕ್ಕೆ ಆಗಿನ್ನೂ ನಿದ್ದೆ ಬಿಟ್ಟಿರುವುದಿಲ್ಲ. ಪಕ್ಕದಲ್ಲೇ ನಿಂತಿರಬೇಕು.

ಚಿಕನ್ ತುಂಡು, ಪನೀರ್ ಸುಡುವಾಗ ನೀವು ಹೇಗಿದ್ದರೂ ಪಕ್ಕದಲ್ಲೇ ನಿಂತಿರುತ್ತೀರಿ. ತಿರುವಿ ಹಾಕುತ್ತಾ, ಮಸಾಲೆ ಸವರುತ್ತಾ, ಬೀಸಣಿಗೆ ಬೀಸುತ್ತಾ ಮುಕ್ಕಾಲು ಗಂಟೆ ಕಳೆಯುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಗಂಟೆ ಬಾಳುವ ಬ್ರಿಕೆಟ್ ಹಾಕಿ ಏನು ಪ್ರಯೋಜನ? ಬೀದಿಯಲ್ಲಿ ಜೋಳ ಸುಡುವವರನ್ನು ನೋಡಿ. ಒಂದು ಬಾಣಲೆ, ಒಂದು ಹಿಡಿ ಇದ್ದಿಲು, ಕೈಯಲ್ಲಿ ತಿರುಗಿಸುವ ಪುಟ್ಟ ಫ್ಯಾನ್. ಗಾಳಿ ಜಾಸ್ತಿ ಮಾಡಿದರೆ ಕೆಂಡ ಕೆಂಪಾಗುತ್ತದೆ, ನಿಲ್ಲಿಸಿದರೆ ಮಲಗುತ್ತದೆ. ಹಗುರ ಇದ್ದಿಲು ಗಾಳಿಗೆ ತಕ್ಷಣ ಮಾತು ಕೇಳುತ್ತದೆ. ಗಟ್ಟಿಯಾಗಿ ಒತ್ತಿದ ಬ್ರಿಕೆಟ್ ಹಾಗಲ್ಲ. ಸರಿಯಾಗಿ ಹತ್ತಿಕೊಳ್ಳಲಿಕ್ಕೇ ಅರ್ಧ ಗಂಟೆ ತಗೊಳ್ಳುತ್ತದೆ. ನಿಮ್ಮ ಲೆಕ್ಕದಲ್ಲಿ ಒಂದೂವರೆ ಕೆಜಿಗೆ ಡಿಪೋ ಇದ್ದಿಲು ಪುಡಿ ಕಳೆದು ಸುಮಾರು 130 ರೂಪಾಯಿ, ಪ್ರೀಮಿಯಂ 285. ನಾಲ್ಕು ಭಾನುವಾರಕ್ಕೆ 600 ರೂಪಾಯಿ ಫರಕು. ಅಷ್ಟಕ್ಕೆ ಕೋಳಿಯೇ ಬರುತ್ತದಲ್ಲ.

ಕುರಿ ತೊಡೆ ಮಾತು ಬೇರೆ. ಅಲ್ಲಿ ಗ್ರಿಲ್ ಒಳಗಿನ ಬಿಸಿ 140, 150 ಡಿಗ್ರಿಯ ಆಸುಪಾಸಿನಲ್ಲಿ ಮೂರು ನಾಲ್ಕು ಗಂಟೆ ನಿಲ್ಲಬೇಕು. ಮುಚ್ಚಳ ತೆಗೆದಾಗಲೆಲ್ಲ ಬಿಸಿ ಹೋಗುತ್ತದೆ, ಮಧ್ಯದಲ್ಲಿ ಹೊಸ ಇದ್ದಿಲು ಹಾಕಿದಾಗಲೆಲ್ಲ ಕಾವು ಒಮ್ಮೆ ಇಳಿದು ಆಮೇಲೆ ಹಾರುತ್ತದೆ. ಬ್ರಿಕೆಟ್ ಇದ್ದರೆ ಗ್ರಿಲ್‌ನ ಅಂಚಿಗೆ ಹಾವಿನ ಹಾಗೆ ಸುತ್ತ ಜೋಡಿಸಬಹುದು. ಕೆಳಗೆ ಎರಡು ಸಾಲು, ಅದರ ಮೇಲೆ ಇನ್ನೊಂದು ಸಾಲು, ಮುಕ್ಕಾಲು ಸುತ್ತು. ಒಂದು ತುದಿಗೆ ಐದಾರು ಕೆಂಡ ಇಟ್ಟರೆ ಬೆಂಕಿ ಒಂದರಿಂದ ಒಂದಕ್ಕೆ ದಾಟಿಕೊಂಡು ಹೋಗುತ್ತದೆ, ಊದುಬತ್ತಿ ಉರಿದ ಹಾಗೆ. ಮಾಂಸ ನಡುವೆ ಇರುತ್ತದೆ, ಅದರ ಕೆಳಗೆ ಕೆಂಡ ಇರುವುದಿಲ್ಲ, ಒಂದು ತಟ್ಟೆಯಲ್ಲಿ ನೀರು ಇರುತ್ತದೆ. ಇದೆಲ್ಲ ನಡೆಯುವುದು ತುಂಡುಗಳು ಒಂದೇ ಸಮ ಇದ್ದರೆ ಮಾತ್ರ. ವರ್ಷಕ್ಕೆ ಎರಡು ಸಲ ಆ ನೆಮ್ಮದಿಗೆ ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟರೆ ನಾನಂತೂ ಬೈಯುವುದಿಲ್ಲ.

ಬೂದಿ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ನಾನು ಮಾನ ಕಳೆದುಕೊಂಡು ಕಲಿತೆ. ಒಂದು ನಿಶ್ಚಿತಾರ್ಥದ ಊಟ, ನೂರೈವತ್ತು ಜನ. ಮಾಮೂಲು ವ್ಯಾಪಾರಿ ಕೈಕೊಟ್ಟಿದ್ದರಿಂದ ಇನ್ನೊಬ್ಬರ ಹತ್ತಿರ ಅಗ್ಗದ ಬ್ರಿಕೆಟ್ ತರಿಸಿದೆ. ನೋಡಲು ದಿಂಬಿನ ಆಕಾರ, ಕೈಗೆ ಭಾರ, ಚೆನ್ನಾಗಿಯೇ ಇತ್ತು. ಮೊದಲ ಎರಡು ಸುತ್ತು ಕಬಾಬ್ ಸರಿ ಬಂತು. ಎಂಟೂವರೆ ಹೊತ್ತಿಗೆ ಕಾವು ಇಳಿಯಲು ಶುರುವಾಯಿತು. ಬೀಸಿದೆವು, ಮತ್ತೆ ತುಂಬಿದೆವು, ಊಹೂಂ. ಕೊನೆಗೆ ಕಬ್ಬಿಣದ ಸಲಾಕೆ ಹಾಕಿ ಕೆದಕಿದರೆ ಕೆಳಗೆ ಗೇಣುದ್ದ ಬೂದಿ. ಅದೂ ಹಗುರ ಬೂದಿ ಅಲ್ಲ. ಬ್ರಿಕೆಟ್ ಉರಿದು ಮುಗಿದಿದ್ದರೂ ಆಕಾರ ಹಾಗೇ ನಿಂತಿತ್ತು, ಇಟ್ಟಿಗೆ ಚೂರಿನ ಹಾಗೆ, ಕೆಂಬಣ್ಣಕ್ಕೆ ತಿರುಗಿ. ಸಲಾಕೆ ತಾಗಿದರೆ ಟಕ್ ಅನ್ನುತ್ತಿತ್ತು. ಅದು ಮಣ್ಣು. ಇದ್ದಿಲಿನ ಬೆಲೆಗೆ ಮಣ್ಣು ತಂದು ಸುಟ್ಟಿದ್ದೆ. ಗಾಳಿ ಬರುವ ಕಿಂಡಿ ಮುಚ್ಚಿ ಹೋಗಿ ಮೇಲಿನ ಕೆಂಡ ಉಸಿರು ಕಟ್ಟಿ ಸತ್ತಿತ್ತು. ಆ ದಿನ ಮಿಕ್ಕ ಚಿಕನ್‌ಗೆ ಗ್ಯಾಸ್ ಒಲೆ, ಕಾವಲಿಯೇ ಗತಿಯಾಯಿತು. ಹುಡುಗಿಯ ಸೋದರಮಾವ ಬಂದು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಅಂದಿನಿಂದ ಹೊಸ ಸರಕು ಬಂದರೆ ನಾನು ಮಾಡುವ ಪರೀಕ್ಷೆ ಒಂದೇ. ನೀವೂ ಮಾಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಸರಿಯಾಗಿ 500 ಗ್ರಾಂ ತೂಗಿ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹಾಕಿ, ತಾರಸಿ ಮೇಲೆ, ಅಡುಗೆ ಏನೂ ಮಾಡದೆ, ಪೂರ್ತಿ ಉರಿಯಲು ಬಿಡಿ. ನಡುನಡುವೆ ಇಕ್ಕಳದಲ್ಲಿ ಅಲುಗಾಡಿಸಿ, ಒಳಗೆ ಕಪ್ಪು ಉಳಿಯಬಾರದು. ಗಾಳಿ ಜಾಸ್ತಿ ಇದ್ದರೆ ಬೂದಿ ಹಾರಿಹೋಗುತ್ತದೆ, ಮರೆಯಲ್ಲಿಡಿ. ಮರುದಿನ ಬೆಳಿಗ್ಗೆ, ಪೂರ್ತಿ ಆರಿದ ಮೇಲೆ, ಬೂದಿ ತೂಗಿ. ಬಾಣಲೆಯ ತೂಕ ಮೊದಲೇ ಬರೆದಿಟ್ಟುಕೊಂಡಿದ್ದರೆ ಸುಲಭ.

ಎಷ್ಟಿದ್ದರೆ ಸರಿ? ಯುರೋಪಿನಲ್ಲಿ ಗ್ರಿಲ್ ಇದ್ದಿಲಿಗೆ ಇಎನ್ 1860-2 ಅನ್ನುವ ಮಾನದಂಡ ಇದೆ. ಇಡೀ ತುಂಡಿನ ಇದ್ದಿಲಿನಲ್ಲಿ ಬೂದಿ ನೂರಕ್ಕೆ 8 ದಾಟಬಾರದು, ಬ್ರಿಕೆಟ್‌ನಲ್ಲಿ 18 ದಾಟಬಾರದು. ಉರಿಯುವ ಇಂಗಾಲ, ಅಂದರೆ ಡಬ್ಬದ ಮೇಲೆ ‘ಫಿಕ್ಸೆಡ್ ಕಾರ್ಬನ್’ ಅಂತ ಬರೆದಿರುತ್ತಾರಲ್ಲ, ಅದು ತುಂಡಿಗೆ ಕನಿಷ್ಠ 75, ಬ್ರಿಕೆಟ್‌ಗೆ ಕನಿಷ್ಠ 60. ತೇವ ಎರಡಕ್ಕೂ 8ರ ಒಳಗೆ. ನಿಮ್ಮ 500 ಗ್ರಾಂಗೆ 90 ಗ್ರಾಂ ಬೂದಿ ಅಂದರೆ ಬ್ರಿಕೆಟ್‌ನ ಕಡೆಯ ಮಿತಿ. ಅದು ಪಾಸ್ ಮಾರ್ಕ್ಸ್ ಅಷ್ಟೇ, ಫಸ್ಟ್ ಕ್ಲಾಸ್ ಅಲ್ಲ. 190 ರೂಪಾಯಿ ಕೇಳುವವರ ಸರಕು 500 ಗ್ರಾಂಗೆ 30 ಗ್ರಾಂ ಒಳಗೆ ಬರಬೇಕು. 50 ದಾಟಿದರೆ ‘ಪ್ರೀಮಿಯಂ’ ಅನ್ನುವ ಪದಕ್ಕೆ ನೀವು ದುಡ್ಡು ಕೊಟ್ಟಿದ್ದೀರಿ ಅಂತ ಅರ್ಥ. ನೂರು ದಾಟಿದರೆ ಆ ಚೀಲವನ್ನು ವಾಪಸ್ ಕಳಿಸಿ.

ಡಬ್ಬದ ಮೇಲೆ ಇಂಗಾಲ, ಬೂದಿ, ತೇವ, ಹೊಗೆಯಾಗಿ ಹೋಗುವ ಅಂಶ, ಈ ನಾಲ್ಕೂ ಬರೆದಿದ್ದರೆ ಒಮ್ಮೆ ಕೂಡಿ ನೋಡಿ. ನೂರರ ಹತ್ತಿರ ಬರಬೇಕು. ತುಂಬಾ ಆಚೀಚೆ ಇದ್ದರೆ ಬರೆದವರು ತೂಗಿ ಬರೆದಿಲ್ಲ.

ಬೂದಿಯ ಬಣ್ಣ ನೋಡಿ ಗುಣ ಹೇಳುವವರು ಇದ್ದಾರೆ. ಬೆಳ್ಳಗಿದ್ದರೆ ಒಳ್ಳೆಯದು ಅಂತ. ಕೆಂಪಗಿದ್ದರೆ ಮಣ್ಣು ಅನ್ನುವುದು ಸರಿ, ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಸುಟ್ಟಾಗ ಇಟ್ಟಿಗೆಯ ಹಾಗೆ ಕೆಂಪಾಗುತ್ತದೆ. ಬೆಳ್ಳಗಿದ್ದರೆ ಒಳ್ಳೆಯದು ಅನ್ನುವುದನ್ನು ಮಾತ್ರ ಪೂರ್ತಿ ನಂಬಬೇಡಿ. ಸುಣ್ಣದಕಲ್ಲಿನ ಪುಡಿ ಸೇರಿಸಿದರೂ ಬೂದಿ ಬೆಳ್ಳಗಾಗುತ್ತದೆ. ಅಮೆರಿಕದಲ್ಲಿ ಬ್ರಿಕೆಟ್‌ಗೆ ಬೇಕಂತಲೇ ಅದನ್ನು ಸೇರಿಸುವುದುಂಟು, ಹತ್ತಿಕೊಂಡ ತುಂಡು ಬೆಳ್ಳಗೆ ಕಂಡು ‘ಈಗ ಮಾಂಸ ಇಡಬಹುದು’ ಅಂತ ಗೊತ್ತಾಗಲಿ ಅಂತ. ಬಣ್ಣ ಸುಳ್ಳು ಹೇಳಬಹುದು, ತಕ್ಕಡಿ ಹೇಳುವುದಿಲ್ಲ.

ಕೊಳ್ಳುವ ಮೊದಲು ಅಂಗಡಿಯಲ್ಲೇ ನೋಡಬಹುದಾದ್ದು ಒಂದೆರಡಿವೆ. ಎರಡು ತುಂಡು ಒಂದಕ್ಕೊಂದು ತಾಗಿಸಿ. ಚೆನ್ನಾಗಿ ಸುಟ್ಟ ಇದ್ದಿಲು ಕಿಣಿ ಕಿಣಿ ಅನ್ನುತ್ತದೆ, ಅರೆ ಸುಟ್ಟದ್ದು ಅಥವಾ ತೇವ ಹಿಡಿದದ್ದು ಡಬ್ ಅನ್ನುತ್ತದೆ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಚೀಲ ಬಂದಾಗ ಹೀಗೆ ತಟ್ಟಿ ನೋಡಿಯೇ ಇಳಿಸಿಕೊಳ್ಳುತ್ತಿದ್ದರು. ಅರೆ ಸುಟ್ಟದ್ದಾದರೆ ಪೆಟ್ಟಿಗೆಯಿಂದ ಹೊಗೆ ಬಂದು ಬಿಳಿ ಅಂಗಿಗೆ ಕಲೆ ಹತ್ತುತ್ತದೆ, ಅವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಇನ್ನೊಂದು, ಮುರಿದು ಒಳಗೆ ನೋಡಿ. ಮರದ ಇದ್ದಿಲಿನ ಒಳಗೆ ಕಂದು ಬಣ್ಣ ಕಂಡರೆ ಅದು ಇನ್ನೂ ಸೌದೆ. ಬ್ರಿಕೆಟ್ ಆದರೆ ಒಳಗೂ ಒಂದೇ ಕಪ್ಪು ಇರಬೇಕು, ಬೆಳ್ಳನೆಯ ಚುಕ್ಕಿ, ಮರಳಿನ ಮಿಂಚು ಇರಬಾರದು. ಮೂಸಿ ನೋಡಿ. ಸೀಮೆಎಣ್ಣೆ ವಾಸನೆ ಬಂದರೆ ಬೇಡ. ಉರಿಸಿದಾಗ ಪಟಾಕಿ ಹೊಡೆದ ಮೇಲಿನ ಹಾಗೆ ಗಂಧಕದ ವಾಸನೆ ಬಂದರೆ ಕಲ್ಲಿದ್ದಲಿನ ಪುಡಿ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಕಲ್ಲಿದ್ದಲಿನ ಮೇಲೆ ಊಟದ ಪದಾರ್ಥ ಸುಡುವುದು ಬೇಡವೇ ಬೇಡ.

ಆನ್‌ಲೈನ್‌ನಲ್ಲಿ ಇನ್ನೊಂದು ಹಳ್ಳ ಇದೆ. ‘ಬಯೋ ಬ್ರಿಕೆಟ್’, ‘ವೈಟ್ ಕೋಲ್’ ಅಂತ ಅಗ್ಗವಾಗಿ ಸಿಗುತ್ತದೆ. ಅದು ಇದ್ದಿಲೇ ಅಲ್ಲ. ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು ಇಂಥದ್ದನ್ನು ಸುಡದೆ ಹಾಗೇ ಒತ್ತಿದ್ದು. ಕಾರ್ಖಾನೆಯ ಬಾಯ್ಲರ್‌ಗೆ ಮಾಡಿದ್ದು, ಅಲ್ಲಿಗೆ ಒಳ್ಳೆಯದೇ. ನಿಮ್ಮ ಗ್ರಿಲ್‌ಗೆ ಹಾಕಿದರೆ ಪಕ್ಕದ ಮನೆಯವರು ಫೈರ್ ಇಂಜಿನ್ ಕರೆಯುತ್ತಾರೆ. ಬಣ್ಣ ಕಂದು ಇದ್ದರೆ ಮುಟ್ಟಬೇಡಿ. ಸಾಂಬ್ರಾಣಿಗೆ, ಹುಕ್ಕಾಗೆ ಅಂತ ಬರುವ, ಬೆಂಕಿಕಡ್ಡಿ ತಾಗಿಸಿದರೆ ಚಿಟಪಟ ಅಂತ ಹತ್ತಿಕೊಳ್ಳುವ ಬಿಲ್ಲೆಗಳೂ ಅಡುಗೆಗೆ ಬೇಡ. ಅದರಲ್ಲಿ ಬೇಗ ಹತ್ತಲಿ ಅಂತ ಪೆಟ್ಲುಪ್ಪು, ಅಂದರೆ ಪಟಾಕಿ ಮದ್ದಿಗೆ ಹಾಕುವ ಉಪ್ಪು, ಹಾಕಿರುತ್ತಾರೆ.

ರುಚಿಯ ವಿಷಯ ನೀವು ಕೇಳಲಿಲ್ಲ, ಆದರೆ ಡಬ್ಬದ ಮೇಲೆ ಅದನ್ನೇ ದೊಡ್ಡದಾಗಿ ಬರೆದಿರುತ್ತಾರೆ. ಚೆನ್ನಾಗಿ ಸುಟ್ಟ ಇದ್ದಿಲಿಗೆ ಹೇಳಿಕೊಳ್ಳುವ ವಾಸನೆ ಇರುವುದಿಲ್ಲ. ವಾಸನೆ ಕೊಡುವ ಅಂಶವೆಲ್ಲ ಇದ್ದಿಲು ಮಾಡುವಾಗಲೇ ಹೊಗೆಯಾಗಿ ಹೋಗಿರುತ್ತದೆ. ‘ಸುಟ್ಟ ಘಮ’ ಅಂತ ನಾವು ಬಾಯಿ ಚಪ್ಪರಿಸುವುದು ಬಹುಪಾಲು ಮಾಂಸದ ಕೊಬ್ಬು, ಎಣ್ಣೆ, ಮಸಾಲೆ ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದ ಹೊಗೆಗೆ. ಅದು 70 ರೂಪಾಯಿಯ ಕೆಂಡದ ಮೇಲೂ ಅಷ್ಟೇ ಚೆನ್ನಾಗಿ ಏಳುತ್ತದೆ. ಮಾಂಸ ಇಡುವ ಮೊದಲು ತುಂಡುಗಳೆಲ್ಲ ‘ಬೂದಿ ಮುಚ್ಚಿದ ಕೆಂಡ’ ಆಗುವವರೆಗೆ ಕಾಯಿರಿ, ಗಾದೆಯಲ್ಲಿ ಅದು ಅಪಾಯ, ಅಡುಗೆಯಲ್ಲಿ ಅದೇ ಹದ. ಇನ್ನೂ ಹೊಗೆ ಬೇಕೆನಿಸಿದರೆ ಒಣಗಿದ ಮಾವಿನ ಅಥವಾ ಸೀಬೆಯ ಒಂದು ತುಂಡು ಕಟ್ಟಿಗೆ ಕೆಂಡದ ಮೇಲಿಡಿ.

ಮರದ ಮಾತು ಬಂತು ಅಂತ ಒಂದು ತಮಾಷೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ‘ಮೆಸ್ಕೀಟ್ ಇದ್ದಿಲು, ಬಹಳ ಸ್ಪೆಷಲ್’ ಅಂತ ಫೋಟೊ ಕಳಿಸಿದ. ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು, ಒಂದೇ ಕುಲದ ಮರ. ನಮ್ಮಲ್ಲಿ ಕೆರೆ ಅಂಗಳದಲ್ಲಿ, ಬೀಳು ಹೊಲದಲ್ಲಿ ಶನಿಯ ಹಾಗೆ ಬೆಳೆದು ನಿಂತಿದೆ ಅಂತ ರೈತರು ಬೈಯುವ ಗಿಡ. ಡಿಪೋಗೆ ಬರುವ ಇದ್ದಿಲಿನಲ್ಲೂ ಜಾಲಿಯದ್ದು ಇರುತ್ತದೆ. ಗಟ್ಟಿ ಮರ, ಕಾವು ಚೆನ್ನಾಗಿದೆ. ಒಂದೇ ದೋಷ, ಹತ್ತಿಸುವಾಗ ಕಿಡಿ ಹಾರಿಸುತ್ತದೆ. ಮಕ್ಕಳನ್ನು ಹತ್ತು ನಿಮಿಷ ದೂರ ಇಡಿ, ನೈಲಾನ್ ಸೀರೆಯನ್ನೂ. ಡಿಪೋದವರನ್ನು ‘ಯಾವ ಮರದ್ದು’ ಅಂತ ಕೇಳಿ. ಜಾಲಿ ಅಂದರೆ ಖುಷಿಯಿಂದ ತನ್ನಿ.

ಇನ್ನು ದುಡ್ಡು ಉಳಿಸುವ ನಿಜವಾದ ಜಾಗ. ನಿಮ್ಮ ಗ್ರಿಲ್‌ಗೆ ಮುಚ್ಚಳ ಇದೆ, ಮೇಲೆ ಕೆಳಗೆ ಕಿಂಡಿ ಇದೆ. ಅಡುಗೆ ಮುಗಿದ ತಕ್ಷಣ ಎಲ್ಲ ಮುಚ್ಚಿಬಿಡಿ. ಗಾಳಿ ಇಲ್ಲದೆ ಕೆಂಡ ಆರಿ ಮತ್ತೆ ಇದ್ದಿಲಾಗುತ್ತದೆ. ಮರುದಿನ ತೆಗೆದು ಅಲುಗಾಡಿಸಿ ಬೂದಿ ಉದುರಿಸಿದರೆ ಎಷ್ಟೋ ಸಲ ಮೂರನೇ ಒಂದು ಭಾಗ ಕೈಗೆ ಸಿಗುತ್ತದೆ. ಹೊಸದರ ಜೊತೆ ಬೆರೆಸಿ ಮುಂದಿನ ವಾರ ಹಾಕಿ. ಒಮ್ಮೆ ಹತ್ತಿದ ತುಂಡು ಎರಡನೇ ಸಲ ಬೇಗ ಹಿಡಿಯುತ್ತದೆ. ನೀರು ಹಾಕಿ ಆರಿಸಬೇಡಿ. ಇದ್ದಿಲೂ ಹಾಳು, ಬಿಸಿ ಗ್ರಿಲ್‌ನ ಬಣ್ಣವೂ ಹೋಗುತ್ತದೆ, ಎದ್ದ ಹಬೆಗೆ ಕೈ ಸುಟ್ಟುಕೊಳ್ಳುವುದು ಬೇರೆ. ಊಟಕ್ಕೆ ಕೂತವರೆಲ್ಲ ಎದ್ದ ಮೇಲೂ ಗ್ರಿಲ್ ತೆರೆದೇ ಬಿಟ್ಟಿರುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ. ಅಲ್ಲಿ ಉರಿಯುತ್ತಿರುವುದು ದುಡ್ಡು.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಮಳೆ ಬಂತು ಅಂತ ಗ್ರಿಲ್ ಅನ್ನು ಒಳಗೆ, ಗಾಜು ಮುಚ್ಚಿದ ಬಾಲ್ಕನಿಗೆ ಎಳೆದುಕೊಳ್ಳಬೇಡಿ. ‘ಸ್ಮೋಕ್‌ಲೆಸ್’ ಅಂತ ಡಬ್ಬದ ಮೇಲೆ ಬರೆದಿದ್ದರೂ ಅಷ್ಟೇ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಆರಿದಂತೆ ಕಾಣುವ ಬೂದಿಯನ್ನು ಅದೇ ರಾತ್ರಿ ಪ್ಲಾಸ್ಟಿಕ್ ಕಸದ ಬುಟ್ಟಿಗೂ ಹಾಕಬೇಡಿ.

ಕೊನೆಗೆ ನಿಮ್ಮ ಹತ್ತು ಕೆಜಿ ರಿಯಾಯಿತಿ. ಈಗ ಬೇಡ. ಮೊದಲು ಒಂದೇ ಕೆಜಿ ತರಿಸಿ, ಬೂದಿ ತೂಗಿ. ಪಾಸಾದರೂ ಹತ್ತು ಕೆಜಿ ಬೇಡ, ನಿಮ್ಮ ಖರ್ಚಿಗೆ ಅದು ಎರಡು ಮೂರು ವರ್ಷಕ್ಕಾಗುತ್ತದೆ, ನಡುವೆ ಮಳೆಗಾಲಗಳು ಬರುತ್ತವೆ. ಇದ್ದಿಲು ಗಾಳಿಯಲ್ಲಿನ ತೇವ ಹೀರುತ್ತದೆ, ಬ್ರಿಕೆಟ್‌ನ ಗಂಜಿ ಸಡಿಲವಾಗಿ ಮೂಲೆಗಳು ಉದುರಲು ಶುರುವಾಗುತ್ತವೆ. ನೀರೇ ತಾಗಿದರೆ ಮುಗಿಯಿತು, ಕರಿ ಕೆಸರು. ತಂದದ್ದನ್ನು ರಟ್ಟಿನ ಡಬ್ಬದಲ್ಲೇ ಬಿಡದೆ, ಚೆನ್ನಾಗಿ ತೊಳೆದು ಒಣಗಿಸಿದ, ಬಿಗಿ ಮುಚ್ಚಳದ ಎಣ್ಣೆ ಡಬ್ಬಕ್ಕೋ ಪೇಂಟ್ ಬಕೆಟ್‌ಗೋ ಹಾಕಿಡಿ, ನೆಲಕ್ಕೆ ತಾಗದ ಹಾಗೆ ಒಂದು ಹಲಗೆ ಮೇಲೆ. ಈಗಾಗಲೇ ತೇವ ಹಿಡಿದಿರುವುದು ಮನೆಯಲ್ಲಿದ್ದರೆ ಎಸೆಯಬೇಡಿ. ಒಂದು ದಿನ ಒಳ್ಳೆಯ ಬಿಸಿಲಿಗೆ, ಹಪ್ಪಳ ಒಣಗಿಸುವ ಹಾಗೆ ಹರಡಿ. ಡಿಪೋ ಚೀಲದ ತಳದಲ್ಲಿ ಉಳಿದ ಪುಡಿಯನ್ನೂ ಇಟ್ಟುಕೊಳ್ಳಿ. ಎರಡು ಮುಷ್ಟಿ ಪುಡಿಯನ್ನು ಹಳೆಯ ಪೇಪರ್‌ನಲ್ಲಿ ಪೊಟ್ಟಣ ಕಟ್ಟಿ ಹತ್ತಿಕೊಂಡ ಕೆಂಡದ ಮೇಲಿಟ್ಟರೆ, ಕೊನೆಯ ಸುತ್ತಿನ ಜೋಳಕ್ಕೆ ಅದೇ ಸಾಕು.